ಹತ್ತಿಕಾಳಿನ ಎಣ್ಣೆ ನರಕ್ಕೆ ಇಳಿದ ಕಾಲ

ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿದ್ದ ಕಾಲದಲ್ಲಿ ಸುತ್ತಲಿನ ಸೀಮೆಯ ಹತ್ತಿ ಅಲ್ಲಿನ ಜಿನ್ನಿಂಗ್ ಫ್ಯಾಕ್ಟರಿಗಳಿಗೆ ಬರುತ್ತಿತ್ತು. ಅರಳೆ ಮಿಲ್ಲಿಗೆ, ಕಾಳು ಕೊಟ್ಟಿಗೆಗೆ. ನೆನೆಸಿದ ಹತ್ತಿಕಾಳು ತಿಂದ ಎಮ್ಮೆಯ ಹಾಲು ಗಟ್ಟಿ, ಬೆಣ್ಣೆಯೂ ಹೆಚ್ಚು ಎಂಬುದನ್ನು ಆನಗೋಡಿನಂಥ ಊರುಗಳಲ್ಲಿ ಯಾರೂ ಹೇಳಿಕೊಡಬೇಕಿರಲಿಲ್ಲ. ದೋಸೆಯ ಮೇಲೆ ಬೆಣ್ಣೆಮುದ್ದೆ ಇಡುವ ಸೀಮೆಗೆ ಇದು ಸಣ್ಣ ಮಾತೇನಲ್ಲ. ಆ ಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ವಿಷವಿದೆ. ಮೆಲುಕು ಹಾಕುವ ದನಕ್ಕೆ ಅದು ಅಷ್ಟಾಗಿ ತಟ್ಟುವುದಿಲ್ಲ. ದೊಡ್ಡಹೊಟ್ಟೆಯಲ್ಲೇ ಬಹುಪಾಲು ಕಟ್ಟಿಬೀಳುತ್ತದೆ. ಕೋಳಿಗೆ, ಹಂದಿಗೆ ತಟ್ಟುತ್ತದೆ.

ಇದೇ ಕಾಳಿನ ಎಣ್ಣೆಯನ್ನು 1950ರ ದಶಕದ ಕೊನೆಯಲ್ಲಿ ಅಮೆರಿಕದ ಅಪ್‌ಜಾನ್ ಕಂಪನಿ ಮನುಷ್ಯರ ರಕ್ತನಾಳಕ್ಕೆ ಹನಿಸಲು ಹೊರಟಿತು. ಔಷಧದ ಹೆಸರು ಲಿಪೋಮಲ್. ಆಸೆಗೆ ಕಾರಣವಿತ್ತು. ಕರುಳು ತಿರುಚಿಕೊಂಡು ಕೊಳೆತವರಿಗೆ, ಅದನ್ನು ಕತ್ತರಿಸಿ ತೆಗೆಸಿಕೊಂಡವರಿಗೆ ಬಾಯಿಂದ ಕೊಟ್ಟ ಅನ್ನ ಮೈಗೆ ಹತ್ತುವುದಿಲ್ಲ. ‘ಗ್ಲೂಕೋಸ್ ಏರಿಸಿದರು’ ಎಂದು ನಮ್ಮ ಜನ ಸಮಾಧಾನಪಡುವ ಆ ಬಾಟಲಿ ಒಬ್ಬನ ದಿನದ ಊಟಕ್ಕೆ ಎಲ್ಲಿಯೂ ಸಾಲದು. ಗ್ರಾಂ ಸಕ್ಕರೆಗೆ ಸುಮಾರು 4 ಕ್ಯಾಲೊರಿಯಾದರೆ ಗ್ರಾಂ ಕೊಬ್ಬಿಗೆ 9. ಗ್ಲೂಕೋಸನ್ನು ಗಟ್ಟಿ ಮಾಡಿ ಕೊಟ್ಟರೆ ಕೈಯ ಸಣ್ಣ ನರ ಉರಿದು ಊದಿಕೊಳ್ಳುತ್ತದೆ. ಆದರೆ ಲಿಪೋಮಲ್ ಏರಿಸಿಕೊಂಡವರಲ್ಲಿ ಜ್ವರ, ಬೆನ್ನುನೋವು, ಕಾಮಾಲೆ, ರಕ್ತಸ್ರಾವ ಕಾಣಿಸಿಕೊಂಡವು. ಶಂಕೆಯ ಬೆರಳು ಗಾಸಿಪಾಲ್ ಕಡೆಗೂ ತಿರುಗಿತು. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹತ್ತಿಕಾಳಿನ ಔಷಧ ಅಮೆರಿಕದ ಅಂಗಡಿ ಬಿಟ್ಟಿತ್ತು.

ಎಣ್ಣೆಯನ್ನು ಹಾಗೇ ನರಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದು ಹದಿನೇಳನೆಯ ಶತಮಾನದಲ್ಲೇ ಗೊತ್ತಾಗಿತ್ತು. ಇಂಗ್ಲೆಂಡಿನ ವಿಲಿಯಂ ಕೋರ್ಟನ್ ನಾಯಿಯೊಂದಕ್ಕೆ ಆಲಿವ್ ಎಣ್ಣೆ ಚುಚ್ಚಿದ, ನಾಯಿ ಸತ್ತಿತು. ಹನಿಗಳು ಶ್ವಾಸಕೋಶದ ಕಿರುನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಈ ಗಂಟನ್ನು ಬಿಡಿಸಿದವರು ಸ್ವೀಡನ್ನಿನ ಅರ್ವಿಡ್ ವ್ರೆಟ್ಲಿಂಡ್. ಸೋಯಾ ಎಣ್ಣೆಯನ್ನು ಮೊಟ್ಟೆಯ ಹಳದಿಯ ಲೆಸಿಥಿನ್ ಜೊತೆ ಕಡೆದು, ಊಟದ ನಂತರ ರಕ್ತದಲ್ಲಿ ತೇಲುವ ಕೊಬ್ಬಿನ ಕಣಗಳಷ್ಟೇ ನುಣ್ಣಗೆ ಮಾಡಿದರು. ಹಾಲಿನಂತೆ ಕಾಣುವ ಆ ಇಂಟ್ರಾಲಿಪಿಡ್‌ಗೆ ಸ್ವೀಡನ್ 1962ರಲ್ಲಿ ಒಪ್ಪಿಗೆ ಕೊಟ್ಟಿತು. ಕೈ ಸುಟ್ಟುಕೊಂಡಿದ್ದ ಅಮೆರಿಕ 1975ರವರೆಗೆ ಕಾಯಿತು.

ಕಾಯುತ್ತಿದ್ದ ಆ ವರ್ಷಗಳಲ್ಲಿ ಅಮೆರಿಕನ್ನರು ಕೊಬ್ಬಿಲ್ಲದೆಯೇ ಮುಂದುವರಿದರು. ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ಹೃದಯದ ಹತ್ತಿರದ ದೊಡ್ಡ ನರದ ಮೂಲಕ ಗಟ್ಟಿ ಗ್ಲೂಕೋಸ್, ಪ್ರೋಟೀನ್ ಕೊಟ್ಟು ಬೀಗಲ್ ನಾಯಿಮರಿಗಳನ್ನು ಬೆಳೆಸಿದರು. ನಂತರ ಫಿಲಡೆಲ್ಫಿಯಾದಲ್ಲಿ ಸಣ್ಣ ಕರುಳೇ ಹೆಚ್ಚುಕಡಿಮೆ ಇಲ್ಲದ ಹಸುಗೂಸೊಂದು ಹೀಗೆಯೇ ತೂಕ ಏರಿಸಿಕೊಂಡಿತು. ಆ ಗ್ಲೂಕೋಸ್ ತಯಾರಾಗುವುದು ಬಹುಮಟ್ಟಿಗೆ ಮೆಕ್ಕೆಜೋಳದ ಪಿಷ್ಟದಿಂದ. ಹತ್ತಿಯ ಜಾಗದಲ್ಲಿ ದಾವಣಗೆರೆ ಸೀಮೆಯ ಹೊಲಗಳನ್ನು ಈಗ ತುಂಬಿರುವ ಬೆಳೆಯೂ ಅದೇ. ಆದರೆ ಮಿತಿಮೀರಿದ ಸಕ್ಕರೆಯನ್ನು ಲಿವರ್ ಕೊಬ್ಬಾಗಿ ಕೂಡಿಡುತ್ತದೆ. ಅಷ್ಟರಲ್ಲಿ, 1971ರಲ್ಲಿ, ಇದೇ ಬಗೆಯ ಆಹಾರದಲ್ಲಿದ್ದು ಸತ್ತ ಅವಧಿಪೂರ್ವ ಶಿಶುವೊಂದರ ಲಿವರ್‌ನಲ್ಲಿ ಪಿತ್ತ ಕಟ್ಟಿಕೊಂಡು ಗಾಯದ ಗಂಟುಗಳೆದ್ದಿದ್ದ ವರದಿ ಬಂತು. ಬದುಕಿಸಿದ ಬಾಟಲಿಯೇ ಲಿವರ್ ಕೆಡಿಸುತ್ತಿದೆಯೇ ಎಂಬ ಸಂಶಯ ಅಲ್ಲಿಂದ ಬೆನ್ನುಬಿಡಲಿಲ್ಲ.

ಸೋಯಾ ಎಣ್ಣೆ ಬಂದ ಮೇಲೂ ಕಾಮಾಲೆ ಹೋಗಲಿಲ್ಲ. ಸೋಂಕು, ಉಪವಾಸ ಬಿದ್ದ ಕರುಳು, ಹರಿಯದ ಪಿತ್ತ, ಎಲ್ಲಕ್ಕೂ ಪಾಲಿತ್ತು. 1993ರಲ್ಲಿ ಪೀಟರ್ ಕ್ಲೇಟನ್ ಮತ್ತು ಸಂಗಡಿಗರು ನರದ ಮೂಲಕ ಆಹಾರ ಪಡೆದು ಕಾಮಾಲೆಗೆ ಬಿದ್ದ ಮಕ್ಕಳ ರಕ್ತದಲ್ಲಿ ಫೈಟೋಸ್ಟೆರಾಲ್ ವಿಪರೀತವಿರುವುದನ್ನು ತೋರಿಸಿದರು. ಸಸ್ಯಗಳ ಕೊಲೆಸ್ಟರಾಲ್ ಎನ್ನಬಹುದಾದ ವಸ್ತು ಇದು. ಕಡಲೆ, ಶೇಂಗಾ, ಎಳ್ಳು ತಿನ್ನುವ ಎಲ್ಲರ ಹೊಟ್ಟೆಗೂ ದಿನವೂ ಇದು ಹೋಗುತ್ತದೆ; ಕರುಳು ಅತ್ಯಲ್ಪವನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ನರದಲ್ಲಿ ಅಂಥ ಕಾವಲುಗಾರನಿಲ್ಲ; ಸೋಯಾ ಎಣ್ಣೆಯೊಳಗಿನದು ನೇರ ರಕ್ತಕ್ಕೆ ಇಳಿಯುತ್ತದೆ. ದನದ ಹೊಟ್ಟೆ ಗಾಸಿಪಾಲನ್ನು ತಡೆಯುವ ಕಥೆಯೇ ಮನುಷ್ಯನ ಕರುಳಿನಲ್ಲಿ ಬೇರೆ ರೂಪದಲ್ಲಿತ್ತು ಎನ್ನಬೇಕು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಔಷಧತಜ್ಞೆ ಕ್ಯಾಥ್ಲೀನ್ ಗುರಾ, ಶಸ್ತ್ರವೈದ್ಯ ಮಾರ್ಕ್ ಪುಡರ್ ಸೋಯಾ ಬಿಟ್ಟು ಮೀನೆಣ್ಣೆ ಹಿಡಿದರು. 2006ರಲ್ಲಿ ಅವರು ಪ್ರಕಟಿಸಿದ್ದು ಇಬ್ಬರು ಶಿಶುಗಳ ಕಥೆ: ಕಣ್ಣಿನ ಹಳದಿ ಇಳಿದಿತ್ತು. ಒಮೆಗಾವೆನ್ ಎಂಬ ಆ ಮೀನೆಣ್ಣೆಯ ಔಷಧಕ್ಕೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ ಸೋಯಾ, ತೆಂಗಿನಂಥ ಎಣ್ಣೆಗಳಿಂದ ತೆಗೆದ ಮಧ್ಯಮ ಸರಪಳಿಯ ಕೊಬ್ಬು, ಆಲಿವ್, ಮೀನೆಣ್ಣೆ ನಾಲ್ಕನ್ನೂ ಬೆರೆಸಿದ ಸ್ಮಾಫ್‌ಲಿಪಿಡ್ ಅಲ್ಲಿ ದೊಡ್ಡವರಿಗೆ ಒಪ್ಪಿತವಾಗಿತ್ತು.

ಮೀನೆಣ್ಣೆಯ ಗುಣವೋ, ದಿನಕ್ಕೆ ಕಿಲೋ ತೂಕಕ್ಕೆ ಒಂದೇ ಗ್ರಾಂ ಕೊಡುವ ಕಡಿಮೆ ಅಳತೆಯ ಗುಣವೋ ಎಂಬ ವಾದ ವೈದ್ಯರಲ್ಲಿ ನಡೆದೇ ಇದೆ. ಕಾಮಾಲೆ ಇಳಿದ ಎಷ್ಟೋ ಮಕ್ಕಳ ಲಿವರ್‌ನಲ್ಲಿ ಹಳೆಯ ಗಾಯದ ಗೆರೆಗಳು ಉಳಿದಿರುವುದೂ ಕಂಡಿದೆ. ಹೀಗಾಗಿ ಉಳಿದ ಕರುಳು ಗೇಣುದ್ದವಿದ್ದರೂ, ಬಿಳಿ ಎಣ್ಣೆಯ ಡ್ರಿಪ್ ನಡೆಯುತ್ತಿರುವಾಗಲೇ, ಒಂದೆರಡು ಹನಿ ತಾಯಿಹಾಲು ಮಗುವಿನ ಹೊಟ್ಟೆಗೆ ಇಳಿಸಲು ನೋಡುತ್ತಾರೆ. ಪಿತ್ತ ಹರಿಯಬೇಕಾದರೆ ಕರುಳಿಗೆ ಏನಾದರೂ ಕೆಲಸ ಇರಬೇಕು.