ರಾಜ್ಯ ಹೋದ ಮೇಲೆ ಉಳಿದ ಕುದುರೆ

ಚದುರಂಗದ ಚರಿತ್ರೆ ಬರೆದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮರೆಯುವುದಿಲ್ಲ. ಆಡಿದವರು ಮಾತ್ರವಲ್ಲ, ಆಟಗಳನ್ನು ಕುರಿತು ಬರೆಸಿದವರೂ ಹೌದು. ಆದರೆ ರಾಜನೊಬ್ಬನಿಗೆ ಮಣೆಯ ಮುಂದೆ ಕೂರುವಷ್ಟು ಬಿಡುವು ಸಿಕ್ಕಿದ್ದು ಹೇಗೆ? ಉತ್ತರ ಹುಡುಕಲು ನಾವು ತರೀಕೆರೆ ಸೀಮೆಗೆ ಬರಬೇಕು.

1799ರ ಮೇ 4ರಂದು ಟಿಪ್ಪು ಸುಲ್ತಾನ್ ಹುತಾತ್ಮನಾದ. ಎರಡು ತಿಂಗಳೊಳಗೆ, ಜೂನ್ 30ರಂದು, ಐದು ವರ್ಷದ ಬಾಲಕನನ್ನು ಕಂಪೆನಿಯವರು ಗಾದಿಗೆ ಕೂರಿಸಿದರು. ಆಡಳಿತವೆಲ್ಲ ದಿವಾನ್ ಪೂರ್ಣಯ್ಯನವರದು. ಮುಂದೆ ಅರಸರೇ ಅಧಿಕಾರ ವಹಿಸಿಕೊಂಡಾಗ 'ಶರತ್ತು' ಪದ್ಧತಿ ನಾಡನ್ನು ಹಿಂಡಿತು. ಇಷ್ಟು ಕಂದಾಯ ತಂದುಕೊಡುತ್ತೇನೆಂದು ಅಮಲ್ದಾರ ಒಪ್ಪಿಕೊಳ್ಳಬೇಕು. ಆ ಮೊತ್ತ ಭರ್ತಿಯಾಗಲು ಅವನು ರೈತನ ಕುತ್ತಿಗೆ ಹಿಡಿಯುತ್ತಿದ್ದ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲ ಎಂದರು. ಬೂದಿ ಬಸವಪ್ಪ ಕೆಳದಿಯ ಗಾದಿ ತನ್ನದೆಂದ. ತರೀಕೆರೆ ಪಾಳೆಯಗಾರ ಮನೆತನದ ರಂಗಪ್ಪ ನಾಯಕನೂ ದಂಗೆ ಸೇರಿದ. ಕಂಪೆನಿಯ ಸೈನ್ಯ ಬಂತು. ಸೈನ್ಯದ ಹಿಂದೆಯೇ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನ ಆಜ್ಞೆಯೂ ಬಂತು. ರಾಜ್ಯ ಬ್ರಿಟಿಷ್ ಕಮಿಷನರರ ಕೈಗೆ ಹೋಯಿತು. ಆಗ ಅರಸರಿಗೆ ಮೂವತ್ತೇಳು ವರ್ಷ.

ಬೆಂಟಿಂಕನೇ ನೇಮಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟಾಗ, ಅರಸರ ಮೇಲಿನ ಆರೋಪಗಳಲ್ಲಿ ಉತ್ಪ್ರೇಕ್ಷೆಯಿತ್ತೆಂಬುದು ಬಯಲಾಯಿತು. ಹಾಗೆಂದು ರೈತರ ಗೋಳು ಸುಳ್ಳಾಗಲಿಲ್ಲ. ದೂರು ಕೊಟ್ಟದ್ದು ರೈತ, ಲಾಭ ಪಡೆದದ್ದು ಕಂಪೆನಿ ಎಂಬುದು ನಮ್ಮ ಅನಿಸಿಕೆ.

ರಾಜ್ಯವಿಲ್ಲದ ಅರಸರು ಗ್ರಂಥಗಳತ್ತ ತಿರುಗಿದರು. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿ ಎಲೆಯಾಟಗಳ ವಿವರವಿದೆ. ಒಂದು ಆಟಕ್ಕಂತೂ 360 ಎಲೆಗಳು! ಈ ಗಂಜೀಫಾ ಪರ್ಷಿಯಾದ ಕಡೆಯಿಂದ ಬಂದದ್ದು. ಬಾಬರ್ 1527ರಲ್ಲಿ ಸಿಂಧ್‌ನ ಗೆಳೆಯನಿಗೆ ಗಂಜೀಫಾ ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೈಸೂರಿನಲ್ಲಿ ಅದರ ಎಲೆಗಳ ಮೇಲೆ ನಮ್ಮ ನಾಡಿನ ದೇವದೇವತೆಯರು ಬಂದು ಕುಳಿತರು. ಯಾರಿಗೂ ಅದು ಪರಕೀಯವೆನಿಸಲಿಲ್ಲ.

ಆದರೆ ಅವರ ನಿಜವಾದ ಸಾಧನೆ ಕುದುರೆ ನಡೆಯದು. ಚದುರಂಗದ 64 ಮನೆಗಳಲ್ಲೂ ಕುದುರೆ ಒಂದೊಂದೇ ಸಲ ಕಾಲಿಟ್ಟು ಮಣೆ ಪೂರೈಸಬೇಕು. ಈ ಒಗಟು ಬಹಳ ಹಳೆಯದು. ಒಂಬತ್ತನೆಯ ಶತಮಾನದಲ್ಲೇ ಕಾಶ್ಮೀರದ ರುದ್ರಟ ಇದನ್ನು ಶ್ಲೋಕದಲ್ಲಿ ಕಟ್ಟಿದ್ದ. ಅದೇ ಶತಮಾನದಲ್ಲಿ ಬಗ್ದಾದಿನ ಖಲೀಫರ ಆಸ್ಥಾನದಲ್ಲಿದ್ದ ಅಲ್ ಅದ್ಲಿಯೂ ಇಂಥ ನಡೆ ರಚಿಸಿದ. ಶತರಂಜ್ ಬಗ್ಗೆ ಪುಸ್ತಕವನ್ನೂ ಬರೆದ. ಇಂದಿನ ಗ್ರ್ಯಾಂಡ್‌ಮಾಸ್ಟರ್‌ಗೆ ಸಮನಾದ 'ಆಲಿಯಾ' ಎಂಬ ದರ್ಜೆ ಅರಬರಲ್ಲಿ ಆಗಲೇ ಇತ್ತು. ಮುಮ್ಮಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕುದುರೆ ಮುಟ್ಟಿದ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ, ಅಡ್ಡಸಾಲು ಕೂಡಿದರೂ 260, ಕಂಬಸಾಲು ಕೂಡಿದರೂ 260 ಬರುವಂತೆ ನಡೆ ಹೂಡಿದರು. ಕಾಗದ ಲೇಖನಿ ಹಿಡಿದು ಪ್ರಯತ್ನಿಸಿದವರಿಗೇ ಇದರ ಕಷ್ಟ ಗೊತ್ತು.

ಅರಸರು ಮರದ ಕುದುರೆ ನಡೆಸುತ್ತಿದ್ದಾಗ ನಾಡಿನ ನಿಜವಾದ ದನಕರುಗಳ ಗತಿ ಬೇರೆಯವರ ಕೈಯಲ್ಲಿತ್ತು. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟು, ಆ ಎತ್ತುಗಳಿಂದ ಫಿರಂಗಿ ಎಳೆಸಿದವನು ಟಿಪ್ಪು. 1860ರಲ್ಲಿ ಕಮಿಷನ್ ಸರಕಾರ ಆ ಮಂದೆಯನ್ನೇ ಮಾರಿಬಿಟ್ಟಿತು. ತಪ್ಪು ತಿಳಿದದ್ದು 1866ರಲ್ಲಿ. ಮತ್ತೆ ಮಂದೆ ಕಟ್ಟಬೇಕಾಯಿತು. ಆ ತಳಿಯ ಕೇಂದ್ರ 1929ರಲ್ಲಿ ಅಜ್ಜಂಪುರದಲ್ಲಿ ನೆಲೆಯಾಯಿತು. 1863ರಲ್ಲಿ ಕಡೂರು ಜಿಲ್ಲೆ ಮಾಡಿದವರೂ ಬ್ರಿಟಿಷರೇ, ಅರಸರಲ್ಲ.

ರಾಜ್ಯ ಹಿಂದಿರುಗಿಸಿರೆಂದು ಅರಸರು ಮೂರು ದಶಕಕ್ಕೂ ಮೀರಿ ಅರ್ಜಿ ಹಾಕುತ್ತಲೇ ಇದ್ದರು. ಕೊನೆಗೆ 1867ರಲ್ಲಿ ದತ್ತುಪುತ್ರನ ಹಕ್ಕನ್ನು ಲಂಡನ್ ಒಪ್ಪಿತು. ಮರುವರ್ಷ ಮಾರ್ಚ್ 27ರಂದು ಅರಸರು ತೀರಿಕೊಂಡರು. ರಾಜ್ಯ ಹಿಂದಕ್ಕೆ ಬಂದದ್ದು 1881ರಲ್ಲಿ, ಮಗನ ಕೈಗೆ.

ಮೈಸೂರಿನ ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 2017ರಲ್ಲಿ. ಅದಕ್ಕೂ ಮೊದಲು, 2003ರಲ್ಲಿ, 260ರ ಲೆಕ್ಕ ಕೂಡಿಬರುವ ಕುದುರೆ ನಡೆಗಳು ಒಟ್ಟು ಎಷ್ಟಿವೆಯೆಂದು ಕಂಪ್ಯೂಟರ್‌ಗಳಿಂದ ಎಣಿಸಿದರು. ತಿರುಗಿಸಿ ಮಗುಚಿದವನ್ನು ಬಿಟ್ಟರೆ ಸಿಕ್ಕಿದ್ದು ಕೇವಲ 140. ಅವುಗಳಲ್ಲಿ ಒಂದನ್ನು ಮುಮ್ಮಡಿಯವರು ಕೈಯಿಂದಲೇ ಹುಡುಕಿದ್ದರು.