ಗಾಜಿನ ಪೆಟ್ಟಿಗೆಗೆ ಜೋಗುಳ

ನಾಪೋಕ್ಲಿನ ನಮ್ಮ ಮನೆಯಲ್ಲಿ ಕೂಸು ಅತ್ತರೆ ಮೊದಲು ಏಳುತ್ತಿದ್ದದ್ದು ಅಜ್ಜಿ. ಕಕ್ಕಡದ ಮಳೆಯ ಸದ್ದಿಗೂ ಅವರ ಜೋ ಜೋಗೂ ಹೇಗೋ ತಾಳ ಕೂಡಿಬಿಡೋದು. ಅಕ್ಕನಿಗೆ ಎಂಟು ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿ, ಮಗುವನ್ನು ಊರಿಂದ ದೂರದ ಆಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಯಲ್ಲಿಟ್ಟಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಅದಕ್ಕೆ ಹಾಡೋರು ಯಾರು?"

ಯಾರೂ ಇರಲಿಲ್ಲ. ಅಕ್ಕನಿಗೇ ದಿನಕ್ಕೆರಡು ಸಲ, ಹತ್ತತ್ತು ನಿಮಿಷ ಮಾತ್ರ ಒಳಗೆ ಪ್ರವೇಶ.

ಯಾಕೆ ಹೀಗೆ ಅಂತ ಓದುತ್ತಾ ಹೋದೆ. 1880ರ ಸುಮಾರಿಗೆ ಪ್ಯಾರಿಸ್ಸಿನ ಹೆರಿಗೆ ಡಾಕ್ಟರ್ ಸ್ತೆಫಾನ್ ತಾರ್ನಿಯೆ, ಮೃಗಾಲಯದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡೋ ಪೆಟ್ಟಿಗೆ ನೋಡಿ ಅಂಥದ್ದನ್ನೇ ಕೂಸುಗಳಿಗೂ ಮಾಡಿಸಿದ. ಜೀವಗಳು ಉಳಿದವು. ಆದರೆ ಪೆಟ್ಟಿಗೆ ಒಳಗೆ ಬಂತು, ಸೋಂಕಿನ ಭಯಕ್ಕೆ ತಾಯಿ ಹೊರಗೆ ಹೋದಳು. ಅಮೆರಿಕದ ಕೋನಿ ಐಲ್ಯಾಂಡಿನಲ್ಲಂತೂ ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ಇಂಥ ಕೂಸುಗಳನ್ನು ಟಿಕೆಟ್ಟಿಟ್ಟು ತೋರಿಸಿದ! ಆ ದುಡ್ಡಲ್ಲೇ ಅವುಗಳ ಆರೈಕೆ. ಬೈಯಬೇಕೋ ಕೈಮುಗಿಯಬೇಕೋ ಗೊತ್ತಾಗಲ್ಲ.

ತಾಯಿ ಮತ್ತೆ ಒಳಗೆ ಬಂದದ್ದು ಬಡತನದ ದೆಸೆಯಿಂದ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಪೆಟ್ಟಿಗೆಗಳು ಸಾಲದೆ, ಡಾಕ್ಟರ್ ಎಡ್ಗರ್ ರೇ ಕೂಸುಗಳನ್ನು ತಾಯಿಯ ಎದೆಗೇ ಕಟ್ಟಿಸಿದರು. ಕಾಂಗರೂ ಆರೈಕೆ ಅನ್ನೋದು ಅದನ್ನೇ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಸರ್ಕಾರದ ಜೊತೆ ಸೇರಿ ಇದನ್ನು ದೊಡ್ಡದಾಗಿ ಜಾರಿಗೆ ತಂದರು. ಎದೆಗೆ ಅಂಟಿಕೊಂಡ ಕೂಸಿಗೆ ಬಿಸಿಯ ಜೊತೆ ಎದೆಬಡಿತವೂ ಕೇಳುತ್ತೆ, ಅಲ್ವಾ?

ಪೆಟ್ಟಿಗೆಯಲ್ಲಿ ಕೇಳೋದು ಮೋಟಾರು, ಅಲಾರಮ್ಮು. ರಾತ್ರಿ ಎರಡಕ್ಕೆ ಸರ್ವರ್ ಅಲರ್ಟಿಗೆ ಬೆಚ್ಚಿಬಿದ್ದು ಏಳೋ ನನ್ನಂಥವನಿಗೆ ಆ ಕಷ್ಟ ಗೊತ್ತು. ಇಂಥ ವಾರ್ಡುಗಳಲ್ಲಿ ಸದ್ದು 45 ಡೆಸಿಬೆಲ್ ದಾಟಿದರೆ ಚಿಂತೆಯ ವಿಷಯ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 1997ರಲ್ಲೇ ಹೇಳಿತ್ತು.

2013ರಲ್ಲಿ ನ್ಯೂಯಾರ್ಕಿನ ಜೋವಾನ್ ಲೋವಿ ತಂಡ 11 ಆಸ್ಪತ್ರೆಗಳ 272 ಕೂಸುಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯ್ತು. ಗರ್ಭದ ಸದ್ದಿನಂಥ ಎರಡು ವಾದ್ಯಗಳು, ಜೊತೆಗೆ ಹೆತ್ತವರೇ ಆರಿಸಿದ ಜೋಗುಳ. ಟೇಪು ಹಾಕಿದ್ದಲ್ಲ, ಎದುರಿಗೇ ಕೂತು ಹಾಡಿದ್ದು. ಮನೆಯ ಹಾಡಿಗೆ ಕೂಸುಗಳು ಹಾಲು ಚೆನ್ನಾಗಿ ಚೀಪಿದವು, ಹೆತ್ತವರ ಆತಂಕವೂ ಇಳಿಯಿತು. ಹಾಗಂತ ಪವಾಡ ಅನ್ನಲಾರೆ. 2022ರಲ್ಲಿ ಬಂದ ಐದು ದೇಶಗಳ ಇನ್ನೊಂದು ಅಧ್ಯಯನದಲ್ಲಿ ತಾಯಿ-ಮಗುವಿನ ನಂಟಿನ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ 'ಪಟ್ಟೋಲೆ ಪಳಮೆ' ತಂದು ಕೊಡವರ ಹಾಡುಗಳನ್ನು ಉಳಿಸಿದರು. ನಮ್ಮಜ್ಜಿಯ ಜೋಗುಳವನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಮೂರನೇ ವಾರ ರಾತ್ರಿ ಪಾಳಿಯ ನರ್ಸೊಬ್ಬರು ಅಕ್ಕನನ್ನು ಒಳಗೆ ಕರೆದು, ಮಗುವನ್ನು ಎದೆಗೆ ಕಟ್ಟಿ, "ಏನಾದ್ರೂ ಹಾಡಮ್ಮ" ಅಂದರಂತೆ. ಅಕ್ಕನಿಗೆ ನೆನಪಿದ್ದದ್ದು ಎರಡೇ ಸಾಲು. ಉಳಿದದ್ದನ್ನು ಬೆಳಗಿನವರೆಗೂ ಗುನುಗಿದಳಂತೆ.