ಸನ್ನಿ ಬೇರೆ, ಅರಳು ಮರಳು ಬೇರೆ!

ಹೋದ ವರ್ಷ ಅಥಣಿ ಕಡೆಯ ನಮ್ಮೂರಲ್ಲಿ ಅಜ್ಜ ಜಾರಿ ಬಿದ್ದು ಸೊಂಟದ ಎಲುಬು ಮುರಕೊಂಡ. ಆಪರೇಶನ್ ಆದ ಎರಡನೇ ರಾತ್ರಿ ಅಪ್ಪನ ಫೋನು. "ಅಜ್ಜಗ ತಲಿ ಕೆಟ್ಟೈತಿ ನೋಡಪಾ. ಸಲಾಯಿನ್ ಕಿತ್ತ ಒಗದಾನ. ಎತ್ತ ಹೊಡಕೊಂಡ ಬರ್ರಿ ಅಂತ ಒದರಾಕತ್ತಾನ."

ಬೆಂಗಳೂರಿನಿಂದ ಸಿಕ್ಕ ಬಸ್ಸು ಹತ್ತಿ ಹೋದೆ. ಅಜ್ಜನ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. "ವಯಸ್ಸಾಯ್ತಲ್ಲ, ಮರೆವಿನ ರೋಗ" ಅಂದರು ಅಲ್ಲಿಯವರು. ಹಿಂದಿನ ವಾರದವರೆಗೂ ಕಬ್ಬಿನ ಬಿಲ್ಲಿನ ಲೆಕ್ಕ ಬಾಯಲ್ಲೇ ಹೇಳುತ್ತಿದ್ದ ಮನುಷ್ಯ! ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರಿನವನು. ಆದರೆ ನಿನ್ನೆ ಓಡುತ್ತಿದ್ದ ಪ್ರೋಗ್ರಾಮ್ ಇವತ್ತು ನಿಂತರೆ "ಹಳೇದಾಯ್ತು" ಅನ್ನುವುದಿಲ್ಲ, ನಿನ್ನೆಯಿಂದ ಏನು ಬದಲಾಯ್ತು ಅಂತ ಹುಡುಕುತ್ತೇವೆ. ಆಯಿ ಮಾತ್ರ ಒಂದೇ ಮಾತು ಹೇಳಿದಳು: "ಇದು ಸನ್ನಿ. ಅರಳು ಮರಳು ಅಲ್ಲ."

ಆ ಎರಡು ಪದಗಳ ಬೆನ್ನು ಹತ್ತಿದೆ...

ಸನ್ನಿ ಅಂದರೆ ಸನ್ನಿಪಾತ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆಡುವುದು. ವಾಗ್ಭಟನ 'ಅಷ್ಟಾಂಗಹೃದಯ' ಸನ್ನಿಪಾತ ಜ್ವರದ ಲಕ್ಷಣಗಳಲ್ಲಿ ಹಗಲು ನಿದ್ದೆ, ರಾತ್ರಿ ಎಚ್ಚರವನ್ನೂ ಹೇಳುತ್ತದೆ. ಅಜ್ಜನದು ಥೇಟ್ ಅದೇ! ಇಂಗ್ಲಿಷಿನ 'ಡೆಲಿರಿಯಂ' ಲ್ಯಾಟಿನ್ ಪದ, ನೇಗಿಲು ಸಾಲು ಬಿಟ್ಟು ಹೋಗುವುದು ಅಂತ ಮೂಲ ಅರ್ಥ. 1ನೇ ಶತಮಾನದಲ್ಲೇ ರೋಮಿನ ಸೆಲ್ಸಸ್ ಅದನ್ನು ಬಳಸಿದ್ದಾನೆ. ಅರಳು ಮರಳು ಹಾಗಲ್ಲ, ವರ್ಷಗಟ್ಟಲೆ ನಿಧಾನವಾಗಿ ಬರುವಂಥದ್ದು. 1906ರಲ್ಲಿ ಜರ್ಮನಿಯ ಅಲ್ಜೈಮರ್ ವಿವರಿಸಿದ್ದು ಈ ಬಗೆಯದು.

1959ರಲ್ಲಿ ಅಮೆರಿಕದ ಎಂಗೆಲ್ ಮತ್ತು ರೊಮಾನೊ, ಸನ್ನಿಯಲ್ಲಿ ಮಿದುಳಿನ ವಿದ್ಯುತ್ ಅಲೆಗಳು ನಿಧಾನವಾಗುವುದನ್ನು ಮುಂದಿಟ್ಟು, ಕಿಡ್ನಿ ಸೋಲುವಂತೆ ಮಿದುಳೂ ಸೋಲುತ್ತದೆ ಎಂದರು. ಸೋಂಕು, ನೀರು ಕಡಿಮೆಯಾಗುವುದು, ಕೆಲವು ಔಷಧಿ, ನಿದ್ದೆಗೇಡು ಯಾವುದಾದರೂ ಕಾರಣ ಆಗಬಹುದು. 1990ರಲ್ಲಿ ಶರಾನ್ ಇನೋಯೆ ಮತ್ತು ಸಂಗಡಿಗರು ಗುರುತಿಸುವ ಸುಲಭ ವಿಧಾನ ಕೊಟ್ಟರು. ಹಠಾತ್ತಾಗಿ ಶುರುವಾಗಿ ಏರಿಳಿಯಬೇಕು, ಗಮನ ನಿಲ್ಲಬಾರದು. ಜೊತೆಗೆ ಮಾತು ಅಸಂಬದ್ಧವಾಗಿರಬೇಕು ಇಲ್ಲವೇ ಎಚ್ಚರದಲ್ಲಿ ವ್ಯತ್ಯಾಸವಿರಬೇಕು. ಒದರುವವರಷ್ಟೇ ಅಲ್ಲ, ಮಂಕಾಗಿ ಸುಮ್ಮನೆ ಮಲಗುವವರಿಗೂ ಸನ್ನಿ ಇರುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

1999ರಲ್ಲಿ ಇನೋಯೆ ತಂಡವೇ 70 ದಾಟಿದ 852 ರೋಗಿಗಳ ಅಧ್ಯಯನ ಪ್ರಕಟಿಸಿತು. ಕನ್ನಡಕ, ಕಿವಿಯ ಯಂತ್ರ, ಸಾಕಷ್ಟು ನೀರು, ರಾತ್ರಿ ನಿದ್ದೆ, ಎಬ್ಬಿಸಿ ನಡೆಸುವುದು, ಮಾತಾಡಿಸುವುದು ಇಷ್ಟರಿಂದಲೇ ಸನ್ನಿ ಬಂದವರು ನೂರಕ್ಕೆ 15ರಿಂದ 9.9ಕ್ಕೆ ಇಳಿದರು!

ನಮ್ಮ ಕಡೆ ಇನ್ನೊಂದು ತೊಡಕಿದೆ. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಅಥಣಿ-ಕಾಗವಾಡದವರು ಮಿರಜಕ್ಕೆ, ಚಿಕ್ಕೋಡಿ-ರಾಯಬಾಗದವರು ಬೆಳಗಾವಿಗೆ ಹೋಗುತ್ತಾರೆ. ಮಿರಜದಲ್ಲಿ ವಿಲಿಯಂ ವಾನ್ಲೆಸ್ ಅವರ ಮಿಷನ್ ಆಸ್ಪತ್ರೆ 1894ರಲ್ಲೇ ಶುರುವಾಯಿತು. 1956ರಲ್ಲಿ ನಡುವೆ ರಾಜ್ಯದ ಗಡಿ ಬಂತು, ದಾರಿ ಮಾತ್ರ ತಪ್ಪಲಿಲ್ಲ. (ಅಜ್ಜನನ್ನು ಸೇರಿಸಿದ್ದು ಆ ಆಸ್ಪತ್ರೆಗಲ್ಲ.) ಮರಾಠಿ ಬಾರದ ಮುದುಕನಿಗೆ ಮರಾಠಿಯಲ್ಲಿ "ಇಂದು ತಾರೀಖು ಎಷ್ಟು?" ಅಂದರೆ ಏನು ಹೇಳಬೇಕು? ಅಜ್ಜನನ್ನು ನಾನು ಕನ್ನಡದಲ್ಲಿ "ಇವತ್ತ ಯಾವ ವಾರ?" ಅಂದೆ. "ಅಥಣಿ ಸಂತಿ ದಿನ" ಅಂದ, ಅರ್ಧಕ್ಕೇ ಮಾತು ಬಿಟ್ಟ.

ಕೊನೆಗೆ ಇನ್ನೊಬ್ಬ ಡಾಕ್ಟರ್ ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕು ಇತ್ತು. ಔಷಧಿ ಶುರುವಾಯಿತು, ಕೈ ಬಿಚ್ಚಿದರು, ಮನೆಯಿಂದ ಕನ್ನಡಕ ತರಿಸಿದೆವು, ಆಯಿ ಪಕ್ಕದಲ್ಲಿ ಕೂತು ಊರಿನ ಸುದ್ದಿ ಹೇಳುತ್ತಲೇ ಇದ್ದಳು. ನಾಲ್ಕನೇ ದಿನ ಬೆಳಿಗ್ಗೆ ಅಜ್ಜ ಕೇಳಿದ: "ಕಬ್ಬಿಗೆ ನೀರ ಬಿಟ್ಟೀರೇನ?"

ಕಥೆ ಸುಖಾಂತ್ಯ ಅಂತ ಬರೆಯುವ ಆಸೆ. ಆದರೆ ಫಿನ್ಲೆಂಡಿನ ವಾಂಟಾದಲ್ಲಿ 85 ದಾಟಿದವರ ಅಧ್ಯಯನ (2012) ಇನ್ನೊಂದು ಮಾತು ಹೇಳುತ್ತದೆ: ಸನ್ನಿ ಬಂದು ಹೋದವರಲ್ಲಿ ಮುಂದೆ ಮರೆವಿನ ರೋಗದ ಸಾಧ್ಯತೆ ಸುಮಾರು 8 ಪಟ್ಟು ಹೆಚ್ಚು. ಬೇರೆ ಬೇರೆ ನಿಜ, ಆದರೆ ಒಂದು ಇನ್ನೊಂದಕ್ಕೆ ದಾರಿ ಮಾಡಬಹುದು. ಈಗ ಅಜ್ಜ ಲೆಕ್ಕಕ್ಕೆ ಕಾಗದ ಪೆನ್ನು ಕೇಳುತ್ತಾನೆ.

ನಿಮ್ಮ ಮನೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸಿದರೆ ಕನ್ನಡಕ ಮರೆಯಬೇಡಿ. ಏಕಾಏಕಿ ಬದಲಾದರೆ "ಹೋದ ವಾರ ಹೀಗಿರಲಿಲ್ಲ" ಅಂತ ಡಾಕ್ಟರಿಗೆ ಗಟ್ಟಿಯಾಗಿ ಹೇಳಿ. ಅದನ್ನು ಹೇಳಬಲ್ಲವರು ಮನೆಯವರೇ.